ಕಬ್ಬಿಣಕ್ಕೆ ಕವಚ ತೊಡಿಸುವ ಕೈ

ಕಾಸರಗೋಡಿನ ಕರಾವಳಿಯಲ್ಲಿ ಮನೆ ಕಟ್ಟಿದವರೆಲ್ಲರಿಗೂ ಈ ಅನುಭವ ಹೊಸದಲ್ಲ. ಬೇಸಗೆಯಲ್ಲಿ ಬಣ್ಣ ಬಳಿಸಿದ ಕಬ್ಬಿಣದ ಗೇಟು ಆಟಿಯ ಮಳೆ ಮುಗಿಯುವಷ್ಟರಲ್ಲಿ ಮೂಲೆಮೂಲೆಗಳಲ್ಲಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬಾವಿಯ ರಾಟೆ ಕಿರುಗುಟ್ಟತೊಡಗುತ್ತದೆ. ಕಿಟಿಕಿಯ ಸರಳುಗಳ ಬುಡದಲ್ಲಿ ತುಕ್ಕು ಪದರಪದರವಾಗಿ ಏಳುತ್ತದೆ. ಕಡಲ ಗಾಳಿ ಹೊತ್ತು ತರುವ ಉಪ್ಪು ಮತ್ತು ತಿಂಗಳುಗಟ್ಟಲೆ ಆರದ ತೇವ ಒಂದಾದೆಡೆ ಕಬ್ಬಿಣವು ತಾನು ಅಗೆದು ಬಂದ ಅದಿರಿನ ರೂಪಕ್ಕೇ ಮರಳಲು ಹವಣಿಸುತ್ತದೆ.

ಮನೆಯ ಗೇಟಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿದರೆ ಸಾಕು. ಹೊಳೆಗೆ ಅಡ್ಡಲಾಗಿ ನಿಂತ ರೈಲ್ವೆ ಸೇತುವೆಯ ಗರ್ಡರಿಗೆ, ಬಂದರಿನ ಉಕ್ಕಿನ ಕಂಬಗಳಿಗೆ, ನಡುಗಡಲಿನ ತೈಲ ವೇದಿಕೆಗೆ ಹಾಗೆ ಮಾಡಲು ಬರುವುದಿಲ್ಲ. ಅಂಥ ಉಕ್ಕನ್ನು ಕಾಪಾಡಲು ನೂರು ವರ್ಷಗಳಿಗೂ ಹಿಂದೆ ಸಿದ್ಧವಾದ ಉಪಕರಣವೇ ಲೋಹವನ್ನು ಕರಗಿಸಿ ಸಿಂಪಡಿಸುವ ಥರ್ಮಲ್ ಸ್ಪ್ರೇ ಗನ್. ಕಾರ್ಖಾನೆಗಳಲ್ಲಿ ಈ ಕೆಲಸಕ್ಕೆ ‘ಮೆಟಲೈಸಿಂಗ್’ ಎಂಬ ಹೆಸರೂ ಇದೆ. ಗಡಿನಾಡಿನ ಹುಡುಗರು ಐಟಿಐ, ಡಿಪ್ಲೊಮಾ ಮುಗಿಸಿ ಮಂಗಳೂರು, ಕೊಚ್ಚಿ, ಹೊಸೂರು, ಕೊಲ್ಲಿ ರಾಷ್ಟ್ರಗಳತ್ತ ಹೊರಡುವ ಈ ದಿನಗಳಲ್ಲಿ ಈ ಗನ್ ಯಾರ ಕೈಗೂ ಬರಬಹುದು. ಅದು ಉಕ್ಕನ್ನು ಹೇಗೆ ಕಾಯುತ್ತದೆ, ಅದನ್ನು ಹಿಡಿದವನನ್ನು ಯಾರು ಕಾಯುತ್ತಾರೆ ಎಂಬೆರಡೂ ಸಂಗತಿಗಳು ಮನೆಯವರಿಗೆ ತಿಳಿದಿರುವುದು ಒಳ್ಳೆಯದು.

ಕಲಾಯಿಯ ನೆನಪು

ಒಂದು ಲೋಹದ ಮೈಗೆ ಇನ್ನೊಂದು ಲೋಹದ ಹೊದಿಕೆ ಹಾಕುವ ವಿದ್ಯೆ ನಮ್ಮ ಹಿರಿಯರಿಗೆ ಹೊಸದೇನೂ ಆಗಿರಲಿಲ್ಲ. ವರ್ಷಕ್ಕೊಮ್ಮೆ ಊರಿಗೆ ಬಂದು, ಮರದ ನೆರಳಿನಲ್ಲಿ ತಿದಿ ಹೂಡಿ, ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರನ್ನು ಅಜ್ಜಅಜ್ಜಿಯರು ಇಂದಿಗೂ ನೆನೆಯುತ್ತಾರೆ. ಪಾತ್ರೆಯನ್ನು ಉಜ್ಜಿ ತೊಳೆದು, ಬೆಂಕಿಯ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ತುಂಡನ್ನು ತಾಗಿಸಿದೊಡನೆ ಅದು ಕರಗುತ್ತಿತ್ತು. ಅರಳೆಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆಯ ಒಳಮೈಯೆಲ್ಲ ಬೆಳ್ಳಿಯಂತೆ ಹೊಳೆಯುತ್ತಿತ್ತು. ಹುಳಿ ಪದಾರ್ಥವು ತಾಮ್ರಕ್ಕೆ ತಾಗದಂತೆ ಆ ತೆಳುಪದರವೇ ಕಾಯುತ್ತಿತ್ತು.

ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಸಾಕು. ಕಬ್ಬಿಣಕ್ಕೆ ಸತುವಿನ ಹೊದಿಕೆ ಕೊಡುವ ಗ್ಯಾಲ್ವನೈಸಿಂಗ್ ಕೆಲಸದಲ್ಲಿ ಸುಮಾರು 450 ಡಿಗ್ರಿಯ ಕರಗಿದ ಸತುವಿನ ತೊಟ್ಟಿಯಲ್ಲಿ ಇಡೀ ವಸ್ತುವನ್ನೇ ಮುಳುಗಿಸಿ ತೆಗೆಯುತ್ತಾರೆ. ನೀರಿನ ಕೊಳವೆ, ಬೇಲಿಯ ತಂತಿ, ಬಕೆಟು ಇವೆಲ್ಲ ಹೀಗೆ ಮಿಂದು ಬಂದವು. ಎರಡು ವಿಧಾನಗಳಿಗೂ ಒಂದೇ ಮಿತಿಯಿದೆ: ವಸ್ತುವು ಒಲೆಯ ಮೇಲೆ ಕೂರಬೇಕು ಇಲ್ಲವೇ ತೊಟ್ಟಿಯೊಳಗೆ ಇಳಿಯಬೇಕು. ಕಟ್ಟಿ ನಿಲ್ಲಿಸಿದ ಸೇತುವೆಯನ್ನು ತೊಟ್ಟಿಗೆ ಇಳಿಸುವುದು ಸಾಧ್ಯವಿಲ್ಲ. ಹೊದಿಕೆಯ ಲೋಹವೇ ಸೇತುವೆಯ ಬಳಿಗೆ ಬರಬೇಕು.

ಜ್ಯೂರಿಕ್‌ನ ಗೋಡೆ

ಆ ದಾರಿಯನ್ನು ತೋರಿಸಿದವನು ಸ್ವಿಟ್ಜರ್ಲೆಂಡಿನ ಮಾಕ್ಸ್ ಉಲ್ರಿಚ್ ಶೂಪ್. 1870ರಲ್ಲಿ ಹುಟ್ಟಿದ ಈತನ ಬಗ್ಗೆ ಒಂದು ಕಥೆ ಪ್ರಚಾರದಲ್ಲಿದೆ. ಮಕ್ಕಳು ಆಟದ ಬಂದೂಕಿನಿಂದ ಗೋಡೆಗೆ ಸೀಸದ ಗುಂಡುಗಳನ್ನು ಹಾರಿಸುತ್ತಿದ್ದರಂತೆ. ಬಿದ್ದ ಗುಂಡುಗಳು ಚಪ್ಪಟೆಯಾಗಿ ಗೋಡೆಗೂ, ಒಂದಕ್ಕೊಂದಕ್ಕೂ ಅಂಟಿಕೊಂಡುದನ್ನು ಶೂಪ್ ಕಂಡನಂತೆ. ವೇಗವಾಗಿ ಹಾರಿದ ಲೋಹದ ಕಣವು ತಾನು ಬಡಿದ ಮೈಗೆ ಕಚ್ಚಿಕೊಳ್ಳುವುದಾದರೆ, ಅಂಥ ಕೋಟಿ ಕಣಗಳನ್ನು ಒಟ್ಟಿಗೆ ಹಾರಿಸಿ ಹೊದಿಕೆಯನ್ನೇ ಕಟ್ಟಬಹುದಲ್ಲವೇ ಎಂಬುದು ಅವನಿಗೆ ಹೊಳೆದ ಪ್ರಶ್ನೆ.

1909ರ ಹೊತ್ತಿಗೆ ಅವನು ಪೇಟೆಂಟುಗಳನ್ನು ಪಡೆಯತೊಡಗಿದ್ದನು. ಕರಗಿದ ಲೋಹವನ್ನು ಒತ್ತಡದ ಗಾಳಿಯಿಂದ ಚದುರಿಸುತ್ತಿದ್ದ ಅವನ ಮೊದಲ ಸಲಕರಣೆಗಳು ದೊಡ್ಡವು, ತೊಡಕಿನವು. 1912ರ ಸುಮಾರಿಗೆ ಅವನು ರೂಪಿಸಿದ ಪಿಸ್ತೂಲಿನಲ್ಲಿ ಲೋಹವು ತಂತಿಯ ರೂಪದಲ್ಲಿ ಹಿಂದಿನಿಂದ ಒಳಹೊಕ್ಕು, ಮುಂದಿನ ತುದಿಯಲ್ಲಿ ಕರಗಿ, ತುಂತುರಾಗಿ ಹೊರಬರುತ್ತಿತ್ತು. ಒಬ್ಬ ಮನುಷ್ಯ ಕೈಯಲ್ಲಿ ಹಿಡಿದು ಏಣಿ ಹತ್ತಬಹುದಾದ ಸಾಧನವದು.

ಶೂಪನ ಹೆಸರು ನಮ್ಮ ಮನೆಗಳೊಳಗೂ ಹೊಕ್ಕಿದೆ. ಚಾವಣಿಯ ಫ್ಯಾನು ತಿರುಗಲು ಬೇಕಾದ ಪುಟ್ಟ ಕೆಪಾಸಿಟರಿನಲ್ಲಿ ತೆಳು ಪ್ಲಾಸ್ಟಿಕ್ ಹಾಳೆಯ ಸುರುಳಿಯಿರುತ್ತದೆ. ಅದರ ಎರಡೂ ತುದಿಗಳಿಗೆ ವಿದ್ಯುತ್ ಸಂಪರ್ಕ ಕೊಡಲು ಲೋಹವನ್ನು ಸಿಂಪಡಿಸುತ್ತಾರೆ. ಆ ಕೆಲಸಕ್ಕೆ ಇಂದಿಗೂ ‘ಶೂಪಿಂಗ್’ ಎಂದೇ ಹೆಸರು.

ಗನ್ನಿನೊಳಗೆ ನಡೆಯುವುದು

ಬೆಂಕಿಯ ಗನ್ನಿನ ಕೆಲಸ ಅರ್ಥವಾಗದಷ್ಟು ಜಟಿಲವೇನಲ್ಲ. ಆಮ್ಲಜನಕ ಮತ್ತು ಅಸಿಟಲೀನ್ ಅನಿಲಗಳು ಬೆರೆತು ಮೂತಿಯಲ್ಲಿ ಉರಿಯುತ್ತವೆ. ಆ ಜ್ವಾಲೆಯ ತಾಪ ಸುಮಾರು 3,100 ಡಿಗ್ರಿ. ಪುಟ್ಟ ಉರುಳೆಗಳು ಸತುವಿನ ಅಥವಾ ಅಲ್ಯೂಮಿನಿಯಮ್ಮಿನ ತಂತಿಯನ್ನು ಒಂದೇ ವೇಗದಲ್ಲಿ ಜ್ವಾಲೆಯ ನಡುವಿಗೆ ತಳ್ಳುತ್ತವೆ. ಸತುವು 420 ಡಿಗ್ರಿಗೆ, ಅಲ್ಯೂಮಿನಿಯಮ್ 660 ಡಿಗ್ರಿಗೆ ಕರಗುವುದರಿಂದ ತಂತಿಯ ತುದಿ ಕ್ಷಣಮಾತ್ರದಲ್ಲಿ ದ್ರವವಾಗುತ್ತದೆ. ಸುತ್ತಲಿನಿಂದ ನುಗ್ಗುವ ಕಂಪ್ರೆಸರಿನ ಗಾಳಿ ಆ ದ್ರವವನ್ನು ಸೂಕ್ಷ್ಮ ಹನಿಗಳಾಗಿ ಒಡೆದು ಮುಂದಕ್ಕೆ ಎಸೆಯುತ್ತದೆ.

ಹನಿಯು ಉಕ್ಕಿಗೆ ಬಡಿದೊಡನೆ ಚಪ್ಪಟೆಯಾಗಿ, ಕಣ್ಣೆವೆ ಮುಚ್ಚುವುದಕ್ಕಿಂತ ಎಷ್ಟೋ ಮೊದಲೇ ಗಟ್ಟಿಯಾಗುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು ಹನಿ. ಹೀಗೆ ನೆಲಕ್ಕೆ ಸೆಗಣಿ ಸಾರಿಸಿದಂತೆ ಪದರದ ಮೇಲೆ ಪದರ ಕೂರುತ್ತದೆ. ಹನಿಗಳು ಬಿಸಿಯಾಗಿದ್ದರೂ ಒಂದೊಂದೂ ಅತಿ ಚಿಕ್ಕದಾದುದರಿಂದ ಕೆಳಗಿನ ಉಕ್ಕು ಹೆಚ್ಚು ಕಾಯುವುದಿಲ್ಲ, ಸೊಟ್ಟಗಾಗುವುದಿಲ್ಲ. ವೆಲ್ಡಿಂಗಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ವೆಲ್ಡಿಂಗಿನಲ್ಲಿ ಎರಡು ಲೋಹಗಳೂ ಕರಗಿ ಒಂದಾಗುತ್ತವೆ. ಇಲ್ಲಿ ಹನಿಯು ಉಕ್ಕಿನ ಮೈಯ ಉಬ್ಬುತಗ್ಗುಗಳನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ.

ಆದಕಾರಣ ಕೆಲಸದ ಅರ್ಧ ಯಶಸ್ಸು ಗನ್ನಿಗೆ ಬೆಂಕಿ ಹಚ್ಚುವ ಮೊದಲೇ ನಿರ್ಧಾರವಾಗಿರುತ್ತದೆ. ಒತ್ತಡದ ಗಾಳಿಯಿಂದ ಗಡಸು ಕಣಗಳನ್ನು ಉಕ್ಕಿನ ಮೇಲೆ ಎರಚಿ, ತುಕ್ಕು, ಎಣ್ಣೆ, ಹಳೆಯ ಬಣ್ಣ ಎಲ್ಲವನ್ನೂ ಕಿತ್ತು ತೆಗೆದು, ಮೈಯನ್ನು ಒರಟು ಮಾಡಬೇಕು. ಹಾಗೆ ಸ್ವಚ್ಛವಾದ ಉಕ್ಕು ಕೆಲವೇ ಗಂಟೆಗಳಲ್ಲಿ ಮತ್ತೆ ಮಸುಕಾಗತೊಡಗುವುದರಿಂದ ಸಿಂಪಡಣೆಯನ್ನು ತಡಮಾಡದೆ ಮುಗಿಸಬೇಕು. ಉಕ್ಕಿನ ತಾಪವು ಇಬ್ಬನಿ ಕಟ್ಟುವ ತಾಪಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕೆಂಬ ನಿಯಮವೂ ಇದೆ. ಮಳೆಗಾಲದ ಕರಾವಳಿಯಲ್ಲಿ ಈ ಕೆಲಸ ಏಕೆ ಕಷ್ಟವೆಂಬುದು ಇದರಿಂದ ತಿಳಿಯುತ್ತದೆ. ಗನ್ನನ್ನು ಮೈಯಿಂದ 15ರಿಂದ 20 ಸೆಂಟಿಮೀಟರ್ ದೂರದಲ್ಲಿ, ಸಾಧ್ಯವಾದಷ್ಟು ನೇರವಾಗಿ ಹಿಡಿದು, ಒಮ್ಮೆ ಅಡ್ಡ, ಒಮ್ಮೆ ಉದ್ದಕ್ಕೆ ಒಂದೇ ಸಮನೆ ಒಯ್ಯುವ ಕೈಗೆ ವರ್ಷಗಳ ಅಭ್ಯಾಸ ಬೇಕು.

ಸೇತುವೆಗಳ ಸಾಕ್ಷ್ಯ

ತಲೆಗೂದಲಿನಷ್ಟು ತೆಳ್ಳಗಿನ ಈ ಪದರ ಎಷ್ಟು ಕಾಲ ಬಾಳೀತು? ಅಮೆರಿಕದ ವೆಲ್ಡಿಂಗ್ ಸೊಸೈಟಿಯು 1974ರಲ್ಲಿ ಪ್ರಕಟಿಸಿದ ವರದಿ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಸತು ಮತ್ತು ಅಲ್ಯೂಮಿನಿಯಮ್ ಸಿಂಪಡಿಸಿದ ಉಕ್ಕಿನ ಫಲಕಗಳನ್ನು ಕಡಲ ನೀರಿನಲ್ಲಿ, ಕಡಲ ತೀರದಲ್ಲಿ, ಕಾರ್ಖಾನೆಗಳ ಹೊಗೆಯಲ್ಲಿ 19 ವರ್ಷಗಳ ಕಾಲ ಇರಿಸಿ ನೋಡಲಾಗಿತ್ತು. 75ರಿಂದ 150 ಮೈಕ್ರಾನ್ ದಪ್ಪದ ಅಲ್ಯೂಮಿನಿಯಮ್ ಪದರವು ಅಷ್ಟೂ ಕಾಲ ಒಳಗಿನ ಉಕ್ಕನ್ನು ತುಕ್ಕು ಹಿಡಿಯದಂತೆ ಕಾಯ್ದಿತ್ತು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ಎರಡು ಲೋಹಗಳು ಕಾಯುವ ರೀತಿ ಬೇರೆಬೇರೆ. ಅಲ್ಯೂಮಿನಿಯಮ್ ತನ್ನ ಮೈಮೇಲೆ ತಾನೇ ಗಟ್ಟಿಯಾದ ಆಕ್ಸೈಡ್ ಪೊರೆಯನ್ನು ಕಟ್ಟಿಕೊಂಡು ನೀರು ಗಾಳಿಗಳನ್ನು ತಡೆಯುತ್ತದೆ. ಸತುವು ಕಬ್ಬಿಣಕ್ಕಿಂತ ಬೇಗ ಸವೆಯುವ ಸ್ವಭಾವದ್ದು. ಎಲ್ಲಾದರೂ ಗೀರು ಬಿದ್ದು ಉಕ್ಕು ಹೊರಗೆ ಕಂಡರೂ ಮೊದಲು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಹತ್ತನೆಯ ತರಗತಿಯಲ್ಲಿ ಲೋಹಗಳ ಕ್ರಿಯಾಶೀಲತೆಯ ಶ್ರೇಣಿಯನ್ನು ಬಾಯಿಪಾಠ ಮಾಡುವ ಮಕ್ಕಳಿಗೆ ಅದರ ಉಪಯೋಗ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಸ್ಕಾಟ್ಲೆಂಡಿನ ಫೋರ್ತ್ ಕಡಲ್ಗಾಲುವೆಯ ಮೇಲೆ ಎರಡು ಪ್ರಸಿದ್ಧ ಸೇತುವೆಗಳು ಅಕ್ಕಪಕ್ಕದಲ್ಲಿವೆ. 1890ರ ರೈಲ್ವೆ ಸೇತುವೆಗೆ ಬಣ್ಣ ಬಳಿಯುವ ಕೆಲಸ ಎಂದರೆ ಇಂಗ್ಲಿಷರಲ್ಲಿ ಎಂದಿಗೂ ಮುಗಿಯದ ಕೆಲಸವೆಂಬ ಗಾದೆಯೇ ಆಗಿಹೋಗಿದೆ. 1964ರಲ್ಲಿ ಅದರ ಪಕ್ಕದಲ್ಲಿ ರಸ್ತೆ ಸೇತುವೆ ಕಟ್ಟುವಾಗ ಎಂಜಿನಿಯರುಗಳು ಉಕ್ಕಿಗೆ ಮೊದಲು ಸತುವನ್ನು ಸಿಂಪಡಿಸಿ, ಆಮೇಲೆ ಬಣ್ಣ ಬಳಿಸಿದರು. ಭಾರತೀಯ ರೈಲ್ವೆಯೂ ಕಡಲ ತೀರದಂಥ ತುಕ್ಕಿನ ಹಾವಳಿ ಹೆಚ್ಚಿರುವ ಕಡೆಗಳ ಗರ್ಡರುಗಳಿಗೆ ಸುಮಾರು 150 ಮೈಕ್ರಾನ್ ಅಲ್ಯೂಮಿನಿಯಮ್ ಸಿಂಪಡಿಸಿ, ಅದರ ಮೇಲೆ ಬಣ್ಣದ ಪದರಗಳನ್ನು ಕೊಡುವ ಪದ್ಧತಿಯನ್ನು ಇಟ್ಟುಕೊಂಡಿದೆ.

ಮರಳು ತಿನ್ನುವ ಚಕ್ರಗಳು

ತುಕ್ಕಿನಿಂದ ಕಾಯುವುದು ಈ ಗನ್ನಿನ ಮೊದಲ ಉದ್ಯೋಗ. ಸವೆತದಿಂದ ಕಾಯುವುದು ಎರಡನೆಯದು. ಹಿಮಾಚಲ ಪ್ರದೇಶದಲ್ಲಿ ಸತ್ಲಜ್ ನದಿಯ ನಾಥ್ಪಾ ಝಾಕ್ರಿ ವಿದ್ಯುದಾಗಾರ ಇದಕ್ಕೆ ಒಳ್ಳೆಯ ಉದಾಹರಣೆ. 1,500 ಮೆಗಾವಾಟ್ ಸಾಮರ್ಥ್ಯದ ಆ ಆಗಾರದಲ್ಲಿ ನೀರು 400 ಮೀಟರಿಗೂ ಹೆಚ್ಚು ಎತ್ತರದಿಂದ ಇಳಿದು ಟರ್ಬೈನಿಗೆ ಬಡಿಯುತ್ತದೆ. ಮಳೆಗಾಲದಲ್ಲಿ ಆ ನೀರಿನ ಜೊತೆಗೆ ಹಿಮಾಲಯದ ಬಂಡೆಗಳಿಂದ ಕಳಚಿದ ಬೆಣಚುಕಲ್ಲಿನ ನುಣ್ಣನೆಯ ಮರಳೂ ಬರುತ್ತದೆ. ಉಕ್ಕಿಗಿಂತ ಗಡಸಾದ ಆ ಮರಳು ಸ್ಟೇನ್‌ಲೆಸ್ ಸ್ಟೀಲಿನ ಚಕ್ರಗಳನ್ನೂ ಕೆರೆದು ತಿನ್ನುತ್ತದೆ.

ಅಲ್ಲಿ ಸತುವಿನಂಥ ಮೆದು ಲೋಹದಿಂದ ಪ್ರಯೋಜನವಿಲ್ಲ. ಟಂಗ್‌ಸ್ಟನ್ ಕಾರ್ಬೈಡ್ ಎಂಬ ಅತಿ ಗಡಸು ವಸ್ತುವಿನ ಪುಡಿಯನ್ನು ಬಳಸಬೇಕಾಯಿತು. ಅದನ್ನು ಸಿಂಪಡಿಸಲು ಎಚ್‌ವಿಒಎಫ್ ಎಂಬ ಗನ್ ಬೇಕು. 1980ರ ದಶಕದಲ್ಲಿ ಬಳಕೆಗೆ ಬಂದ ಈ ಗನ್ನಿನಲ್ಲಿ ಇಂಧನವೂ ಆಮ್ಲಜನಕವೂ ಮುಚ್ಚಿದ ಕೋಣೆಯಲ್ಲಿ ಒತ್ತಡದಿಂದ ಉರಿದು, ಶಬ್ದಕ್ಕಿಂತ ವೇಗವಾಗಿ ಹೊರನುಗ್ಗುತ್ತವೆ. ತಾಪಕ್ಕಿಂತ ವೇಗವೇ ಇಲ್ಲಿ ಮುಖ್ಯವಾದುದರಿಂದ ಪುಡಿಯ ಕಣಗಳು ಒತ್ತೊತ್ತಾಗಿ ಕುಳಿತು ಬಿಗಿಯಾದ ಹೊದಿಕೆಯಾಗುತ್ತವೆ. ಇದೇ ಹೊದಿಕೆ ವಿಮಾನಗಳ ಚಕ್ರದ ಕಾಲುಗಳಿಗೆ ಹಾಕುತ್ತಿದ್ದ ಕ್ರೋಮಿಯಮ್ ಲೇಪದ ಸ್ಥಾನವನ್ನೂ ಪಡೆಯತೊಡಗಿತು. ಕ್ರೋಮಿಯಮ್ ಲೇಪದ ತೊಟ್ಟಿಗಳಿಂದ ಏಳುವ ಆವಿ ಕ್ಯಾನ್ಸರ್ ತರುವಂಥದು ಎಂಬುದು ಈ ಬದಲಾವಣೆಗೆ ಒಂದು ಮುಖ್ಯ ಕಾರಣ.

ಇನ್ನೂ ಹಲವು ಬಗೆಯ ಗನ್‌ಗಳಿವೆ. ಎರಡು ತಂತಿಗಳ ನಡುವೆ ವಿದ್ಯುತ್ ಕಿಡಿ ಹೊತ್ತಿಸಿ ಕರಗಿಸುವ ಆರ್ಕ್ ಗನ್ ಸೇತುವೆಗಳ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿದೆ. ಪ್ಲಾಸ್ಮಾ ಗನ್ನಿನ ತಾಪ 10,000 ಡಿಗ್ರಿಯನ್ನೂ ಮೀರುವುದರಿಂದ ಜೆಟ್ ಎಂಜಿನ್ನಿನ ಅಲಗುಗಳಿಗೆ ಜಿರ್ಕೋನಿಯಾದಂಥ ಸೆರಾಮಿಕ್ಕನ್ನೂ ಸಿಂಪಡಿಸಬಹುದು. ಹೈದರಾಬಾದಿನ ಎಆರ್‌ಸಿಐ ಸಂಶೋಧನಾ ಕೇಂದ್ರವು ಕ್ಷಣಕ್ಷಣಕ್ಕೂ ಸಣ್ಣ ಸ್ಫೋಟ ನಡೆಸಿ ಪುಡಿಯನ್ನು ಎಸೆಯುವ ಡೆಟೊನೇಷನ್ ಗನ್ನಿನ ಮೇಲೆ ಕೆಲಸ ಮಾಡಿ, ಆ ತಂತ್ರವನ್ನು ಉದ್ಯಮಗಳಿಗೆ ವರ್ಗಾಯಿಸಿದೆ. ರಾಜಸ್ಥಾನದ ಜೋಧಪುರದಲ್ಲಿ ಇಂಥ ಗನ್‌ಗಳನ್ನು ತಯಾರಿಸುವ ಉದ್ಯಮವೂ ಇದೆ. ಕೆಲಸ ಕಲಿತವರಿಗೆ ದೇಶದೊಳಗೇ ಅವಕಾಶಗಳುಂಟು.

ಗನ್ ಹಿಡಿದವನ ಮೈ

ಉಕ್ಕನ್ನು ಕಾಯುವ ಇದೇ ತುಂತುರಿನ ಮುಂದೆ ದಿನವಿಡೀ ಒಬ್ಬ ಮನುಷ್ಯ ನಿಂತಿರುತ್ತಾನೆ. ಆರ್ಕ್ ಮತ್ತು ಪ್ಲಾಸ್ಮಾ ಗನ್‌ಗಳ ಬೆಳಕು ವೆಲ್ಡಿಂಗಿನ ಬೆಳಕಿನಂತೆಯೇ ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ. ದಿನಕ್ಕೆ 8 ಗಂಟೆಗಳ ಕೆಲಸಕ್ಕೆ ಶಬ್ದದ ಮಿತಿ 90 ಡೆಸಿಬೆಲ್ ಎಂದು ನಮ್ಮ ಕಾರ್ಖಾನೆ ನಿಯಮಗಳು ಹೇಳುತ್ತವೆ. ಎಚ್‌ವಿಒಎಫ್ ಗನ್ನಿನ ಶಬ್ದ 120 ಡೆಸಿಬೆಲ್ಲನ್ನೂ ದಾಟುವುದುಂಟು. ಅದನ್ನು ಪ್ರತ್ಯೇಕ ಕೋಣೆಯಲ್ಲಿ ಯಂತ್ರದ ತೋಳಿಗೆ ಕಟ್ಟಿ ನಡೆಸುವುದು ಆ ಕಾರಣದಿಂದಲೇ.

ಸತುವಿನ ಹೊಗೆ ಕುಡಿದವನಿಗೆ ಕೆಲಸ ಮುಗಿದ ಕೆಲವು ಗಂಟೆಗಳಲ್ಲಿ ಚಳಿ, ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಕಾಣಿಸಿಕೊಳ್ಳುತ್ತವೆ. ಒಂದೆರಡು ದಿನಗಳಲ್ಲಿ ಅದು ಇಳಿಯುತ್ತದೆ. ರಜೆಯ ನಂತರ ಕೆಲಸಕ್ಕೆ ಮರಳಿದ ದಿನವೇ ಹೆಚ್ಚಾಗಿ ಬರುವುದರಿಂದ ಅದಕ್ಕೆ ‘ಸೋಮವಾರದ ಜ್ವರ’ ಎಂಬ ಹೆಸರೂ ಬಿದ್ದಿದೆ. ಮನೆಯವರು ಮಳೆಯಲ್ಲಿ ನೆನೆದ ಜ್ವರವೆಂದು ಕಷಾಯ ಕುಡಿಸಿ ಮಲಗಿಸಿದರೆ ನಿಜವಾದ ಕಾರಣ ಕಾರ್ಖಾನೆಯಲ್ಲೇ ಉಳಿದುಬಿಡುತ್ತದೆ. ಅಲ್ಯೂಮಿನಿಯಮ್ಮಿನ ನುಣುಪು ಧೂಳು ಗಾಳಿಯಲ್ಲಿ ತುಂಬಿಕೊಂಡರೆ ಕಿಡಿ ತಾಗಿ ಸ್ಫೋಟಿಸಲೂಬಹುದು.

ಇವೆಲ್ಲಕ್ಕಿಂತ ಭೀಕರವಾದುದು ಸಿಂಪಡಣೆಗೆ ಮೊದಲಿನ ಹಂತ. ಉಕ್ಕನ್ನು ಒರಟು ಮಾಡಲು ಮರಳನ್ನೇ ಎರಚಿದರೆ ಅದು ಒಡೆದು ಸಿಲಿಕಾ ಧೂಳಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ರೋಗಕ್ಕೆ ಪೂರ್ಣ ಗುಣವೆಂಬುದಿಲ್ಲ. ಕೆಲಸ ಬಿಟ್ಟ ಮೇಲೂ ಅದು ಬೆಳೆಯುತ್ತಲೇ ಹೋಗಬಹುದು. ಬ್ರಿಟನ್ನಿನಲ್ಲಿ ಈ ಕೆಲಸಕ್ಕೆ ಮರಳಿನ ಬಳಕೆಯನ್ನು 1949ರಲ್ಲಿಯೇ ನಿಷೇಧಿಸಲಾಯಿತು. ಉಕ್ಕಿನ ಕಣ, ಅಲ್ಯೂಮಿನಾ ಮೊದಲಾದ ಬದಲಿ ವಸ್ತುಗಳಿವೆ. ಮರಳು ಅಗ್ಗವೆಂಬುದೊಂದೇ ಅದರ ಪರವಾಗಿರುವ ವಾದ.

ಎಚ್ಚರಿಕೆ ಯಾವ ಭಾಷೆಯಲ್ಲಿ?

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1948ರ ಕಾರ್ಖಾನೆಗಳ ಕಾಯಿದೆಯ 14ನೆಯ ಕಲಮು ಧೂಳು ಮತ್ತು ಹೊಗೆಯನ್ನು ಅವು ಹುಟ್ಟುವ ಸ್ಥಳದಲ್ಲೇ ಹೀರಿ ಹೊರಹಾಕಬೇಕೆಂದಿತು. 35ನೆಯ ಕಲಮು ಕಣ್ಣಿನ ರಕ್ಷಣೆಗೆ ಕನ್ನಡಕ ಅಥವಾ ತೆರೆಯನ್ನು ಒದಗಿಸಬೇಕೆಂದಿತು. ಒತ್ತಡದ ಗಾಳಿಯಿಂದ ಮರಳು ಅಥವಾ ಲೋಹದ ಕಣ ಎರಚುವ ಕೆಲಸವು ರಾಜ್ಯಗಳ ನಿಯಮಾವಳಿಗಳಲ್ಲಿ ಅಪಾಯಕಾರಿ ಕೆಲಸಗಳ ಪಟ್ಟಿಯಲ್ಲಿದೆ. 18 ವರ್ಷ ತುಂಬದವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದು ಅಪರಾಧ. ಭೋಪಾಲ ದುರಂತದ ಬಳಿಕ 1987ರಲ್ಲಿ ಸೇರಿಸಿದ 111-ಎ ಕಲಮು, ಕೆಲಸದ ಅಪಾಯಗಳ ಬಗ್ಗೆ ಮಾಹಿತಿ ಮತ್ತು ತರಬೇತಿ ಪಡೆಯುವುದನ್ನು ಕೆಲಸಗಾರನ ಹಕ್ಕನ್ನಾಗಿ ಮಾಡಿತು.

ಅದೇ ಕಾಯಿದೆಯ 108ನೆಯ ಕಲಮು ಗಡಿನಾಡಿನವರು ಗಮನಿಸಬೇಕಾದುದು. ಕಾರ್ಖಾನೆಯಲ್ಲಿ ತೂಗುಹಾಕುವ ಸೂಚನೆಗಳು ಇಂಗ್ಲಿಷಿನಲ್ಲಿಯೂ, ಕೆಲಸಗಾರರಲ್ಲಿ ಬಹುಸಂಖ್ಯಾತರಿಗೆ ಅರ್ಥವಾಗುವ ಭಾಷೆಯಲ್ಲಿಯೂ ಇರಬೇಕೆಂದು ಅದು ವಿಧಿಸಿತು. ಬಹುಸಂಖ್ಯಾತರ ಗುಂಪಿಗೆ ಸೇರದವನ ಭಾಷೆಯ ಮಾತು ಅಲ್ಲಿ ಬರಲಿಲ್ಲ. ಸಂವಿಧಾನದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣವನ್ನು ಹೇಳುವುದು ಪ್ರಾಥಮಿಕ ಶಾಲೆಯ ಮಟ್ಟಕ್ಕೆ. ಅಲ್ಲಿಂದ ಮುಂದೆ, ಎಷ್ಟೋ ವರ್ಷಗಳ ನಂತರ, ಗ್ಯಾಸ್ ಸಿಲಿಂಡರಿನ ಪಕ್ಕದ ಗೋಡೆಯ ಮೇಲಿನ ಎಚ್ಚರಿಕೆಯನ್ನು ಓದುವ ಹೊತ್ತಿಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಒಂಟಿಯಾಗಿರುತ್ತಾನೆ.

ಕಾರ್ಖಾನೆಗಳ ಕಾಯಿದೆಯ ಸ್ಥಾನಕ್ಕೆ ಈಗ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಸುರಕ್ಷತೆಯ ಮಾಹಿತಿ ಕೇಳುವ ಹಕ್ಕು ಅದರಲ್ಲಿಯೂ ಉಳಿದಿದೆ. ನೇಮಕಾತಿ ಪತ್ರ ಕೊಡುವುದು ಮಾಲಿಕನ ಕರ್ತವ್ಯ. ನಿಗದಿಪಡಿಸಿದ ವಯಸ್ಸಿನ ಅಥವಾ ವರ್ಗದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯೂ ಸಲ್ಲಬೇಕು. ಸೂಚನಾ ಫಲಕವು ಬಹುಮತದ ಭಾಷೆಯಲ್ಲಿದ್ದರೂ ಮಾಹಿತಿ ಕೇಳುವ ಹಕ್ಕು ಒಬ್ಬೊಬ್ಬನದು. ಅರ್ಥವಾಗದುದನ್ನು ಅರ್ಥವಾಗುವಂತೆ ಹೇಳಿರೆಂದು ಕೇಳುವುದು ಉದ್ಧಟತನವಾಗುವುದಿಲ್ಲ.

ಸಿಲಿಕೋಸಿಸ್ ರೋಗವು 1923ರ ನೌಕರರ ಪರಿಹಾರ ಕಾಯಿದೆಯ ವೃತ್ತಿರೋಗಗಳ ಪಟ್ಟಿಯಲ್ಲಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯಲ್ಲಿಯೂ ಇದೆ. ಪರಿಹಾರಕ್ಕೆ ಅರ್ಹತೆಯಿದ್ದರೂ ಅದು ಕೈಗೆ ಬರುವುದು ದಾಖಲೆಗಳಿದ್ದಾಗ. ರೋಗವು ಹತ್ತಿಪ್ಪತ್ತು ವರ್ಷ ಕಳೆದು ತೋರಿಕೊಳ್ಳುವ ಹೊತ್ತಿಗೆ ಗುತ್ತಿಗೆದಾರ ಬದಲಾಗಿರುತ್ತಾನೆ, ಶೆಡ್ಡು ಮುಚ್ಚಿರುತ್ತದೆ. ಆದುದರಿಂದ ನೇಮಕಾತಿ ಪತ್ರ, ಸಂಬಳದ ಚೀಟಿ, ಗುರುತಿನ ಚೀಟಿ, ಕೆಲಸಕ್ಕೆ ಸೇರಿದ ವರ್ಷದ ಎದೆಯ ಎಕ್ಸರೇ ಇವನ್ನು ಆಸ್ತಿಪತ್ರದಷ್ಟೇ ಜೋಪಾನವಾಗಿ ಮನೆಯಲ್ಲಿ ತೆಗೆದಿಡುವುದು ಲೇಸು.

ಪ್ಲಸ್ ಟು ಅಥವಾ ಐಟಿಐ ಮುಗಿಸಿದ ಮಗ ಮೆಟಲೈಸಿಂಗ್ ಕೆಲಸಕ್ಕೆ ಹೊರಟಾಗ ಸಂಬಳವೆಷ್ಟು, ಊಟ ವಸತಿ ಹೇಗೆ ಎಂದು ಎಲ್ಲ ತಂದೆತಾಯಿಯರೂ ಕೇಳುತ್ತಾರೆ. ಅವುಗಳ ಜೊತೆಗೆ ಇನ್ನು ಮೂರು ಪ್ರಶ್ನೆಗಳು ಸೇರಲಿ: ಉಕ್ಕನ್ನು ಒರಟು ಮಾಡಲು ಅಲ್ಲಿ ಎರಚುವುದು ಮರಳನ್ನೋ, ಬೇರೆ ಕಣವನ್ನೋ? ಹೊರಗಿನಿಂದ ಶುದ್ಧ ಗಾಳಿ ಬರುವ ಮುಖಗವಸನ್ನು ಕೊಡುತ್ತಾರೆಯೇ? ಗನ್ ಕೈಗೆ ಕೊಡುವ ಮೊದಲು ಎಷ್ಟು ದಿನ, ಯಾವ ಭಾಷೆಯಲ್ಲಿ ಕಲಿಸುತ್ತಾರೆ? ಈ ಪ್ರಶ್ನೆಗಳನ್ನು ಮಲಯಾಳದಲ್ಲಿಯೋ ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಮುಂದೆ ಕೇಳಬೇಕಾದೀತು. ಅವನ್ನು ಕಲಿಸುವ ಕೆಲಸ ಮಾತ್ರ ಮನೆಯ ಜಗಲಿಯಲ್ಲಿ, ಕನ್ನಡದಲ್ಲಿಯೇ ನಡೆಯಬಹುದು.